ದಿನ ಮೊದಲು, ತಿಂಗಳು ಆಮೇಲೆ

ಅಕ್ಕ ಜನನ ಮರಣ ನೋಂದಣಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತೆಯಾಗಿದ್ದಳು. ಅಷ್ಟು ವರ್ಷದಲ್ಲಿ ಅವಳ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ. ಇಪ್ಪತ್ತನೆಯ ವರ್ಷದಲ್ಲಿ ಬಂತು. ಅದಕ್ಕೆ ಕಾರಣ ನಾನು. ಹೀಗೆ ಒಂದೇ ಮಾತಿನಲ್ಲಿ ಹೇಳಿಬಿಡುವುದು ಈಗ ಸುಲಭ. ಆಗ ಬಾಯಿ ಬಿಡಲು ನನಗೆ ಇಪ್ಪತ್ತೊಂದು ದಿನ ಹಿಡಿಯಿತು, ಅದೂ ಅವಳೇ ಕೇಳಿದ ಮೇಲೆ.

ನಾನು ಲಿಫ್ಟ್ ಮೆಕ್ಯಾನಿಕ್. ವಾರವಿಡೀ ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರು ಕೋಣೆಗಳಲ್ಲಿ ಗ್ರೀಸು ಮೆತ್ತಿಕೊಂಡು ಇರುತ್ತೇನೆ. ಭಾನುವಾರ ಕೈ ತೊಳೆದು ಗ್ರಂಥಾಲಯದ ಮಹಡಿಯ ಕೋಣೆಗೆ ಹೋಗುತ್ತೇನೆ. ಅಲ್ಲಿ ನಮ್ಮದೊಂದು ಗುಂಪು. ಮುಕ್ತ ತಂತ್ರಾಂಶ ಬಳಸುವವರ ಗುಂಪು. ಅಂದರೆ, ಯಾರು ಬೇಕಾದರೂ ಒಳಗೆ ಹೇಗಿದೆಯೆಂದು ತೆರೆದು ನೋಡಬಹುದಾದ, ತಿದ್ದಬಹುದಾದ, ಇನ್ನೊಬ್ಬರಿಗೆ ಕೊಡಬಹುದಾದ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ನಾವೂ ಬಳಸಿ, ಬೇರೆಯವರಿಗೂ ಕಲಿಸುವವರು. ಪಟ್ಟಿಯಲ್ಲಿ ಹನ್ನೊಂದು ಜನ, ತಪ್ಪದೆ ಬರುವವರು ಐದಾರು. ಶಾಲೆಯಲ್ಲಿ ನನಗೆ ಗಣಿತ ಹೇಳಿಕೊಟ್ಟಿದ್ದ ಲೆಕ್ಕದ ಮೇಡಂ ನಮಗೆಲ್ಲ ಹಿರಿಯರು. ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದ ಒಬ್ಬರನ್ನು ಎಲ್ಲರೂ ಗಡಿಯಾರದಣ್ಣ ಎನ್ನುತ್ತಿದ್ದರು. ಅವರು ಮಾತ್ರ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವರಲ್ಲ.

ಸರ್ಕಾರಿ ಕಚೇರಿಗಳು ಇಂಥ ತಂತ್ರಾಂಶವನ್ನೇ ಬಳಸಬೇಕು ಎಂಬುದು ನಮ್ಮ ಆಸೆ. ಜನರ ಕಾಗದಪತ್ರ ಯಾವುದೋ ಕಂಪನಿಯ ಬೀಗದೊಳಗೆ ಯಾಕಿರಬೇಕು ಎಂದು ಐದು ವರ್ಷದಿಂದ ಅರ್ಜಿ ಬರೆಯುತ್ತಿದ್ದೆವು. ಅರ್ಜಿಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬೀಳುತ್ತಿತ್ತು, ಅಷ್ಟೇ.

ದಾರಿ ಸಿಕ್ಕಿದ್ದು ಅಕ್ಕನಿಂದ. ಅವಳ ವಿಭಾಗದಲ್ಲಿದ್ದ ಹಳೆಯ ಪ್ರೋಗ್ರಾಮನ್ನು ಮಾಡಿಕೊಟ್ಟಿದ್ದ ಕಂಪನಿ ಅದನ್ನು ಕೈಬಿಟ್ಟಿತ್ತು. ಅದು ಕೆಟ್ಟು ನಿಂತರೆ ಸರಿಮಾಡಲು ಇದ್ದವನು ಒಬ್ಬನೇ, ಅವನು ಬರುತ್ತಿದ್ದುದು ಅವನಿಗೆ ಬಿಡುವಾದಾಗ. ಒಮ್ಮೆ ಎರಡು ವಾರ ಬರಲೇ ಇಲ್ಲ. ಅಕ್ಕ ದಿನಾ ಕಿಟಕಿಯಾಚೆ ನಿಂತವರಿಗೆ ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದಳು. ನಾನು ಅದನ್ನು ಮೇಡಂಗೆ ಹೇಳಿದೆ. ಇನ್ನುಮೇಲೆ ಸಾಹೇಬರಿಗೆ ಅರ್ಜಿ ಬರೆಯುವುದು ಬಿಡೋಣ, ಗುಮಾಸ್ತರ ಪಕ್ಕದಲ್ಲಿ ಹೋಗಿ ಕೂರೋಣ, ಅವರ ಕಷ್ಟ ಏನೆಂದು ಮೊದಲು ನೋಡೋಣ ಎಂದರು ಅವರು.

ಹಾಗೇ ಮಾಡಿದೆವು. ಶನಿವಾರ ಮಧ್ಯಾಹ್ನ ನನಗೆ ರಜೆ. ನಾನೂ ಮೇಡಮ್ಮೂ ಹೋಗಿ ಅಕ್ಕನ ಪಕ್ಕ ಮುರುಕು ಸ್ಟೂಲುಗಳ ಮೇಲೆ ಕೂತು, ಅವಳು ಏನೇನು ಒತ್ತುತ್ತಾಳೆ, ಎಲ್ಲಿ ಕಾಯುತ್ತಾಳೆ, ಎಲ್ಲಿ ಬೈಯುತ್ತಾಳೆ ಎಂದು ಬರೆದುಕೊಂಡೆವು. ಯಾವ ಕೆಲಸಕ್ಕೆ ಯಾವ ಕೀಲಿ ಎಂದು ರಟ್ಟಿನ ಚೀಟಿ ಮಾಡಿ ಅಂಟಿಸಿದೆವು. ಕಚೇರಿಯವರು ನಮಗೆ ‘ಪುಕ್ಕಟೆ ಗುಂಪು’ ಎಂದು ಹೆಸರಿಟ್ಟರು. ಮುಕ್ತ ಅಂದರೆ ಪುಕ್ಕಟೆ ಅಲ್ಲ ಎಂದು ಮೇಡಂ ಒಬ್ಬೊಬ್ಬರಿಗೂ ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದರು. ಅವರು ತಲೆಯಾಡಿಸಿ, ‘ಸರಿ ಮೇಡಂ, ಆದ್ರೆ ಪುಕ್ಕಟೆನೇ ತಾನೆ?’ ಎನ್ನುತ್ತಿದ್ದರು.

ಕೊನೆಗೆ ಸಾಹೇಬರು ನಮ್ಮನ್ನು ಒಳಗೆ ಕರೆದರು. ಕೆಟ್ಟವರೇನಲ್ಲ, ಎಚ್ಚರಿಕೆಯ ಮನುಷ್ಯ. ಒಂದು ವಿಭಾಗದಲ್ಲಿ ಮಾಡಿ ನೋಡಬಹುದು ಎಂದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಹಿಂದಕ್ಕೆ ಒರಗಿದರು.

“ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಯಾರನ್ನ ಹಿಡ್ಕೊಳ್ಳಲಿ? ಕಂಪನಿಗಾದ್ರೆ ಒಂದು ವಿಳಾಸ ಇರುತ್ತೆ. ನಿಮ್ಮ ಗುಂಪಿಗೆ ಇರೋದು ಒಂದು ಭಾನುವಾರ.”

ಗುಂಪಿಗೆ ನೋಂದಣಿ ಇರಲಿಲ್ಲ, ಮೊಹರೂ ಇರಲಿಲ್ಲ. ಜವಾಬ್ದಾರಿಯ ಕಾಗದಕ್ಕೆ ಕಚೇರಿಯವರೇ ಯಾರಾದರೂ ಸಹಿ ಹಾಕಬೇಕಿತ್ತು. ಅಕ್ಕ ಹಾಕಿದಳು. ಹಾಕುವ ಮುಂಚೆ ಕಾಗದವನ್ನು ಪೂರ್ತಿ ಓದಲೂ ಇಲ್ಲ. ಓದು ಎಂದರೆ, “ನೀನಿದ್ದೀಯಲ್ಲ, ಇನ್ನೇನು ಓದೋದು” ಎಂದಳು.

ಹಳೆಯ ಪ್ರೋಗ್ರಾಮಿನಲ್ಲಿದ್ದ ಅರವತ್ತೊಂದು ಸಾವಿರ ದಾಖಲೆಗಳನ್ನು ಹೊಸದಕ್ಕೆ ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೊಂದು ಸಣ್ಣ ಪ್ರೋಗ್ರಾಮನ್ನು ನಾನೇ ಬರೆದೆ. ದಾಟಿಸಿದ ಮೇಲೆ ಇನ್ನೂರು ದಾಖಲೆಗಳನ್ನು ಆರಿಸಿ, ಕಪಾಟಿನಲ್ಲಿದ್ದ ಮೂಲ ರಿಜಿಸ್ಟರುಗಳ ಜೊತೆ ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ. ಆದರೆ ಆ ಇನ್ನೂರನ್ನೂ ನಾನು ಕೈಗೆಟುಕುವ ಕೆಳಗಿನ ಅರೆಯಿಂದಲೇ ಆರಿಸಿದ್ದೆ. ಏಣಿ ಹಾಕಿ, ಹಳೆಯ ವರ್ಷಗಳ ರಿಜಿಸ್ಟರುಗಳಿದ್ದ ಮೇಲಿನ ಅರೆ ಮುಟ್ಟಿರಲಿಲ್ಲ. ದಿನಕ್ಕೆ ಹತ್ತು ಸಲ ಏಣಿ ಹತ್ತುವವನು ನಾನು.

ಎರಡು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಕಿಟಕಿಯ ಮುಂದಿನ ಸಾಲು ಕರಗಿತು. ಮುಂದಿನ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರ ಮುಖ್ಯ ಕಚೇರಿಯ ಸಮಿತಿ ಬಂದು ನೋಡಿ, ಒಪ್ಪಿಗೆಯಾದರೆ ಇನ್ನೂ ಮೂರು ವಿಭಾಗಗಳಿಗೆ ಇದನ್ನೇ ಹಾಕಿಸುವುದೆಂದು ತೀರ್ಮಾನವಾಯಿತು. ಮೇಡಂ ಆ ವಾರವೆಲ್ಲ ಶಾಲೆಯ ಮಕ್ಕಳ ಹಾಗೆ ಹುರುಪಿನಲ್ಲಿದ್ದರು.

ಹಾಗಿರುವಾಗ ಒಂದು ಶನಿವಾರ ಅಕ್ಕ ಮೊಹರಿನ ಶಾಯಿ ತರಲು ಉಗ್ರಾಣಕ್ಕೆ ಹೋಗಿದ್ದಳು. ಸುಮ್ಮನೆ ಕೂತಿದ್ದ ನಾನು ತಮಾಷೆಗೆ ಅವಳ ಮಗಳ ಹೆಸರು ಹೊಡೆದು ನೋಡಿದೆ. ಅವಳು ಹುಟ್ಟಿದಾಗ ಆಸ್ಪತ್ರೆಯ ಬಾಗಿಲಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು ನಿಂತಿದ್ದವನು ನಾನು. ಅಕ್ಟೋಬರ್ ನಾಲ್ಕು. ಪರದೆಯ ಮೇಲೆ ಏಪ್ರಿಲ್ ಹತ್ತು ಎಂದಿತ್ತು.

ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ. ಹದಿನೈದು ವರ್ಷಕ್ಕಿಂತ ಹಿಂದಿನ ದಾಖಲೆಗಳಲ್ಲಿ ಕಂಪನಿಯವರು ತಾರೀಕನ್ನು ಬೇರೆ ಬಗೆಯಲ್ಲಿ ಇಟ್ಟಿದ್ದರು. ಅಲ್ಲಿ ದಿನ ಮೊದಲು, ತಿಂಗಳು ಆಮೇಲೆ. ನನ್ನ ಪ್ರೋಗ್ರಾಮು ತಿಂಗಳು ಮೊದಲೆಂದು ಓದಿಕೊಂಡಿತ್ತು. ಮೊದಲ ಅಂಕಿ ಹನ್ನೆರಡಕ್ಕಿಂತ ದೊಡ್ಡದಿದ್ದರೆ, ಅದು ತಿಂಗಳಾಗಲು ಸಾಧ್ಯವಿಲ್ಲವೆಂದು ತಾನೇ ಸರಿಪಡಿಸಿಕೊಂಡಿತ್ತು. ಹಾಗಾಗಿ ಬಹಳಷ್ಟು ಸರಿಯಾಗಿದ್ದವು. ಹನ್ನೆರಡರ ಒಳಗಿನ ತಾರೀಕುಗಳೆಲ್ಲ ಅದಲು ಬದಲು. ಎಲ್ಲವನ್ನೂ ಒಟ್ಟಿಗೆ ತಿರುಗಿಸಿಬಿಡೋಣವೆಂದರೆ ಅದೂ ಆಗದು. ಆ ವರ್ಷಗಳಲ್ಲಿ ಹುಟ್ಟಿ ತಡವಾಗಿ ನೋಂದಣಿಯಾದವರ ದಾಖಲೆಗಳು ಹೊಸ ಬಗೆಯಲ್ಲಿದ್ದು, ನಡುನಡುವೆ ಸರಿಯಾಗಿಯೇ ಇದ್ದವು. ಕಾಗದದ ರಿಜಿಸ್ಟರು ತೆಗೆದು ಒಂದೊಂದಾಗಿ ನೋಡದೆ ಬೇರೆ ದಾರಿಯಿರಲಿಲ್ಲ.

ಅಕ್ಕ ಶಾಯಿ ಬಾಟಲಿ ಹಿಡಿದು ಬಂದಳು. ನಾನು ಪರದೆ ಮುಚ್ಚಿದೆ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ಸಮಿತಿ ಬಂದು ಹೋಗಲಿ, ಆಮೇಲೆ ಸದ್ದಿಲ್ಲದೆ ಸರಿಮಾಡೋಣ ಎಂದುಕೊಂಡೆ. ಮನೆಗೊಂದು ಪ್ರತಿ ಒಯ್ದು ತಿದ್ದಲು ಕೂತೆ. ರಿಜಿಸ್ಟರುಗಳಿಲ್ಲದೆ ಎಷ್ಟು ತಿದ್ದಲಾದೀತು? ಸಮಿತಿ ಬಂತು, ಮೆಚ್ಚಿಕೊಂಡು ಹೋಯಿತು. ಮೂರು ವಿಭಾಗಗಳಿಗೆ ಆದೇಶವಾಯಿತು. ಭಾನುವಾರ ಮೇಡಂ ಆ ಆದೇಶದ ಪ್ರತಿಯನ್ನು ಓದುತ್ತಾ ಮಧ್ಯದಲ್ಲಿ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಅವರ ಮುಖ ನೋಡಿ ನನ್ನ ಬಾಯಿ ಇನ್ನಷ್ಟು ಗಟ್ಟಿಯಾಗಿ ಮುಚ್ಚಿತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ.

ಮುಂದಿನ ಶನಿವಾರ ಕಿಟಕಿಗೆ ಒಬ್ಬ ಹೆಂಗಸು ಬಂದರು. ಕುತ್ತಿಗೆಗೆ ಅಳತೆಯ ಟೇಪು ಹಾಗೇ ನೇತುಬಿದ್ದಿತ್ತು. ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಬಂದಿದ್ದರು. ಮಗಳಿಗೆ ನರ್ಸಿಂಗ್ ಶಾಲೆಗೆ ಅರ್ಜಿ ಹಾಕಿದ್ದರಂತೆ. ಜುಲೈ ಒಂದಕ್ಕೆ ಹದಿನೇಳು ತುಂಬಿರಬೇಕೆಂದು ನಿಯಮ. ತುಂಬಿಲ್ಲವೆಂದು ಹಿಂದಿನ ದಿನ ಪಟ್ಟಿಯಿಂದ ಹೆಸರು ಹೊಡೆದುಹಾಕಿದ್ದರಂತೆ. ಅವರು ಜನನ ಪತ್ರವನ್ನು ಕಿಟಕಿಯೊಳಗೆ ತೂರಿಸಿದರು. ಹನ್ನೆರಡು ದಿನದ ಹಿಂದೆ ಕೊಟ್ಟ ಪತ್ರ. ಹುಟ್ಟಿದ ದಿನ ಆಗಸ್ಟ್ ಎರಡು. ಕೆಳಗೆ ಅಕ್ಕನ ಸಹಿ.

ಅಕ್ಕ ಪರದೆ ನೋಡಿ, ಇಲ್ಲೂ ಹಾಗೇ ಇದೆಯಲ್ಲಮ್ಮ ಎಂದಳು.

“ಹೆತ್ತವಳು ನಾನು ತಾಯೀ,” ಎಂದರು ಆಕೆ. ಜೋರಾಗಿ ಹೇಳಲಿಲ್ಲ. “ಫೆಬ್ರವರಿ ಎಂಟು. ಯಾವತ್ತು ಹೆತ್ತೆ ಅಂತ ನನಗೆ ಗೊತ್ತಿರಲ್ವಾ?”

ಅಕ್ಕ ಏಣಿ ಹಾಕಿಕೊಂಡು ಮೇಲಿನ ಅರೆಯಿಂದ ರಿಜಿಸ್ಟರು ಇಳಿಸಿದಳು. ಒದ್ದೆ ಸ್ಪಂಜಿಗೆ ಬೆರಳು ತಾಗಿಸಿ ಹಾಳೆ ಮಗುಚಿದಳು. ಒಂದು ಕಡೆ ಬೆರಳು ನಿಂತಿತು. ಆಮೇಲೆ ಅದೇ ಹಾಳೆಯ ಇನ್ನೂ ನಾಲ್ಕು ಹೆಸರುಗಳನ್ನು ಕಂಪ್ಯೂಟರಿನಲ್ಲಿ ಹೊಡೆದು ನೋಡಿದಳು. ನೋಡಿ ನನ್ನ ಕಡೆ ತಿರುಗಿದಳು. ನನ್ನ ಮುಖದಲ್ಲೇ ಎಲ್ಲ ಇತ್ತೆಂದು ಕಾಣುತ್ತದೆ.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾವತ್ತಿಂದ?”

“ಮೂರು ವಾರ ಆಯ್ತು.”

ಅಕ್ಕ ಒಂದು ಹಾಳೆ ತೆಗೆದುಕೊಂಡು, ಹದಿನೈದು ವರ್ಷಕ್ಕಿಂತ ಹಿಂದಿನ ಪತ್ರಗಳನ್ನು ಕೊಡುವುದು ನಿಲ್ಲಿಸಿದೆ ಎಂದು ಬರೆದು ಕಿಟಕಿಗೆ ಅಂಟಿಸಿದಳು. ದರ್ಜಿ ಹೆಂಗಸಿಗೆ ಕೈಬರಹದಲ್ಲಿ ಸರಿಯಾದ ಪತ್ರ ಬರೆದು, ಸಾಹೇಬರ ಸಹಿ ಹಾಕಿಸಿ, ತಾನೇ ಅವರ ಜೊತೆ ಹೊರಟಳು. ಹೊರಡುವಾಗ, “ಇವತ್ತು ನೀನು ಮನೆಗೆ ಹೋಗು,” ಎಂದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಕೆಲಸದ ಹೊತ್ತಿನಲ್ಲಿ ಕಚೇರಿ ಬಿಟ್ಟು ಹೋದದ್ದು ಅದೇ ಮೊದಲು.

ನರ್ಸಿಂಗ್ ಶಾಲೆಯವರು ಪತ್ರ ನೋಡಿದರಂತೆ, ತಪ್ಪು ಹುಡುಗಿಯದಲ್ಲವೆಂದು ಒಪ್ಪಿಕೊಂಡರಂತೆ. ಆದರೆ ಸೀಟು ತುಂಬಿ ಪಟ್ಟಿ ಮುಚ್ಚಿಯಾಗಿತ್ತು. ಮುಂದಿನ ವರ್ಷ ಬನ್ನಿ ಎಂದರಂತೆ.

ಮರುದಿನ ನಾನು ಗುಂಪಿಗೆ ಎಲ್ಲವನ್ನೂ ಹೇಳಿದೆ. ಮೊದಲು ಮಾತಾಡಿದವರು ಗಡಿಯಾರದಣ್ಣ. ತಾರೀಕುಗಳನ್ನು ಎರಡು ಬಗೆಯಲ್ಲಿ ಇಟ್ಟು ಗೋಜಲು ಮಾಡಿದ್ದು ಹಳೆಯ ಕಂಪನಿ, ಅದನ್ನೇ ಹೇಳೋಣ, ಅದು ಸುಳ್ಳೂ ಅಲ್ಲ ಎಂದರು. ಒಬ್ಬಿಬ್ಬರು ಹೌದೆಂದರು. ಇದು ಹೊರಗೆ ಬಂದರೆ ಮೂರು ವಿಭಾಗಗಳ ಆದೇಶ ರದ್ದಾಗುತ್ತದೆ, ಐದು ವರ್ಷದ ಶ್ರಮ ನೀರಲ್ಲಿ ಹೋಮ ಎಂದು ಇನ್ನೊಬ್ಬರು ನೊಂದುಕೊಂಡರು.

ಮೇಡಂ ನನ್ನನ್ನೇ ನೋಡುತ್ತಿದ್ದರು.

“ಲಿಫ್ಟ್ ಕೆಟ್ಟಿದೆ ಅಂತ ಗೊತ್ತಾದ ತಕ್ಷಣ ಮೊದಲು ಏನು ಮಾಡ್ತೀಯ?”

“ಬೋರ್ಡ್ ತಗುಲಿಸ್ತೀನಿ. ಆಮೇಲೆ ರಿಪೇರಿ.”

“ಇಲ್ಲಿ ಯಾಕೆ ತಗುಲಿಸಲಿಲ್ಲ?”

ಅದಕ್ಕೆ ಉತ್ತರ ನನಗೆ ಆಮೇಲೆ ಹೊಳೆಯಿತು. ಒಂದು ಲಿಫ್ಟು ಕೆಟ್ಟರೆ ಲಿಫ್ಟುಗಳೇ ಬೇಡ, ಮೆಟ್ಟಿಲೇ ವಾಸಿ ಎಂದು ಯಾರೂ ಅನ್ನುವುದಿಲ್ಲ. ನಮ್ಮದರಲ್ಲಿ ಒಂದು ತಪ್ಪು ಕಂಡರೂ ಸಾಕು, ನೋಡಿ ಪುಕ್ಕಟೆ ಮಾಲಿನ ಹಣೆಬರಹ ಎಂದುಬಿಡುತ್ತಾರೆಂದು ನನಗೆ ಭಯ. ಆ ಭಯಕ್ಕೆ ನಾನು ಕೊಟ್ಟಿದ್ದು ಇನ್ಯಾರದೋ ಮಗಳ ಒಂದು ವರ್ಷ.

“ತಪ್ಪು ಎಲ್ಲಿ ಹುಟ್ಟಿತು ಅನ್ನೋದು ಒಂದು ಮಾತು,” ಎಂದರು ಮೇಡಂ. “ಮುಚ್ಚಿಟ್ಟಿದ್ದು ಯಾರು ಅನ್ನೋದು ಇನ್ನೊಂದು. ಎಲ್ಲಾ ತೆರೆದಿರಬೇಕು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದವರು ನಾವು. ಎರಡನ್ನೂ ಬರೆದು ನೋಟಿಸ್ ಬೋರ್ಡಿಗೆ ಹಾಕೋಣ.”

ಬರೆದೆವು. ಏನು ತಪ್ಪಾಯಿತು, ಹೇಗಾಯಿತು, ಯಾವ ಪತ್ರಗಳನ್ನು ನಂಬಬಾರದು, ಯಾರು ಎಷ್ಟು ದಿನ ಮುಚ್ಚಿಟ್ಟರು, ಎಲ್ಲವನ್ನೂ. ನಾನು ಸಹಿ ಹಾಕಿದೆ. ಸೋಮವಾರ ಬೆಳಿಗ್ಗೆ ಮೇಡಂ ಅದನ್ನು ಸಾಹೇಬರ ಕೈಗೆ ಕೊಟ್ಟು, ಅವರ ಅನುಮತಿ ಪಡೆದು ಕಚೇರಿಯ ಬಾಗಿಲಲ್ಲಿ ಅಂಟಿಸಿದರು. ಬುಧವಾರದ ಹೊತ್ತಿಗೆ ಆದೇಶ ರದ್ದಾಯಿತು. ಮುಂದಿನ ಭಾನುವಾರ ನಾಲ್ಕು ಜನ ಗುಂಪು ಬಿಟ್ಟರು. ಒಬ್ಬರು ಮಾತ್ರ ಹೇಳಿ ಹೋದರು, ಉಳಿದವರು ಸುಮ್ಮನೆ ಬರಲಿಲ್ಲ.

ತಪ್ಪು ತಾರೀಕಿನ ಇಪ್ಪತ್ತೆಂಟು ಪತ್ರಗಳು ಹೊರಗೆ ಹೋಗಿದ್ದವು. ಅವುಗಳಲ್ಲಿ ಹದಿಮೂರು ನನಗೆ ಗೊತ್ತಾದ ಮೇಲೆ ಹೋದವು. ಹದಿಮೂರು ಮನೆಗೂ ನಾನೇ ಹೋದೆ. ಕೆಲವರು ಪತ್ರವನ್ನು ತೆರೆದೇ ನೋಡಿರಲಿಲ್ಲ. ಒಬ್ಬ ಮುದುಕರು ಹೆಂಡತಿ ಸತ್ತ ತಾರೀಕು ತಪ್ಪಿದ್ದನ್ನು ಮೊದಲ ದಿನವೇ ಗಮನಿಸಿದ್ದರಂತೆ. ಸರ್ಕಾರದವರು ಹೇಳಿದ ಮೇಲೆ ತನ್ನ ನೆನಪೇ ತಪ್ಪಿರಬೇಕು ಎಂದುಕೊಂಡು ಸುಮ್ಮನಾಗಿದ್ದರಂತೆ. ಅವರ ಮನೆಯಿಂದ ಹೊರಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ.

ದರ್ಜಿಯವರ ಮನೆಗೆ ಕೊನೆಯಲ್ಲಿ ಹೋದೆ. ತಾಯಿ ಮಿಷನ್ ತುಳಿಯುತ್ತಲೇ ಇದ್ದರು. ಮಗಳು ಕಿಟಕಿಯ ಬಳಿ ಕೂತು ಗುಂಡಿ ಹಾಕುತ್ತಿದ್ದಳು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವ ತನಕ ತಲೆಯೆತ್ತಲಿಲ್ಲ. ಆಮೇಲೆ ಕೇಳಿದಳು.

“ನಿಮಗೆ ಗೊತ್ತಾದ ದಿನವೇ ಹೇಳಿದ್ರೆ ನನ್ನದು ಸರಿ ಇರ್ತಿತ್ತಾ?”

“ಇರ್ತಿತ್ತು.”

ಅವಳು ಹಲ್ಲಿನಿಂದ ದಾರ ಕಡಿದು ಇನ್ನೊಂದು ಗುಂಡಿ ಎತ್ತಿಕೊಂಡಳು. ನಾನು ಎದ್ದುಬಂದೆ.

ಹಳೆಯ ದಾಖಲೆಗಳು ಹದಿನಾಲ್ಕು ಸಾವಿರ. ಸಾಹೇಬರು ಭಾನುವಾರಗಳಂದು ಕಚೇರಿಯ ಬಾಗಿಲು ತೆಗೆಸಿಕೊಟ್ಟರು, ಅಕ್ಕ ಎದುರಿಗೆ ಇರಬೇಕೆಂಬ ಕರಾರಿನ ಮೇಲೆ. ಗುಂಪಿನಲ್ಲಿ ಉಳಿದವರು ಇಬ್ಬಿಬ್ಬರಾಗಿ ಕೂತೆವು. ಒಬ್ಬರು ರಿಜಿಸ್ಟರು ನೋಡಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆ ನೋಡಿ ತಿದ್ದುವುದು. ‘ಮೂರು, ಹನ್ನೊಂದು. ಒಂಬತ್ತು, ನಾಲ್ಕು.’ ಸಂಜೆಯಾಗುವಷ್ಟರಲ್ಲಿ ಎಲ್ಲರ ದನಿ ಒಡೆದಿರುತ್ತಿತ್ತು. ಕಂಪನಿಯ ಮೇಲೆ ಹಾಕೋಣ ಎಂದಿದ್ದ ಗಡಿಯಾರದಣ್ಣ ಐದು ಭಾನುವಾರವೂ ಬಂದರು, ಎಲ್ಲರಿಗಿಂತ ಮೊದಲು. ಮಾಸಿದ ಶಾಯಿಯ ಅಂಕಿಗಳನ್ನು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಓದಬಲ್ಲವರು ಅವರೊಬ್ಬರೇ. ತಿದ್ದಿದ ದಾಖಲೆಗಳು ಐದು ಸಾವಿರಕ್ಕೆ ಹದಿನಾಲ್ಕು ಕಡಿಮೆ. ಅಕ್ಕ ಮೇಜಿನ ಕೊನೆಯಲ್ಲಿ ಕೂತು ಪ್ರತಿ ಹಾಳೆಗೂ ಗುರುತು ಹಾಕುತ್ತಿದ್ದಳು. ನನ್ನ ಜೊತೆ ಅಂಕಿಗಳನ್ನು ಬಿಟ್ಟು ಬೇರೆ ಮಾತಿಲ್ಲ.

ಅಷ್ಟರಲ್ಲಿ ಅವಳಿಗೆ ಕಾರಣ ಕೇಳಿ ನೋಟಿಸ್ ಬಂದಿತ್ತು. ನಾಲ್ಕೇ ಸಾಲು ಉತ್ತರ ಬರೆದಳು. ತಪ್ಪಾಗಿದೆ, ವಿಭಾಗದ ಹೊಣೆ ತನ್ನದು, ತಿದ್ದುವ ಕೆಲಸ ನಡೆಯುತ್ತಿದೆ, ಇಷ್ಟು. ನನ್ನ ವಿಷಯ ಇರಲಿಲ್ಲ. ಭಾವ ಅದನ್ನು ನನಗೆ ತೋರಿಸಿದಾಗ ನಾನು ಅವಳ ಮನೆಗೆ ಹೋಗಿ, ನನ್ನ ಹೆಸರು ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

“ನಿನ್ನನ್ನ ಕಚೇರಿಯವರು ನೇಮಿಸಿರಲಿಲ್ಲ. ನಾನು ನಂಬಿದ್ದೆ,” ಎಂದಳು. “ನಂಬಿದ್ದನ್ನ ಬರೆಯೋಕೆ ಆ ಫಾರಮ್ಮಿನಲ್ಲಿ ಜಾಗ ಇಲ್ಲ.”

ಮತ್ತೆ ಅಡುಗೆಮನೆಗೆ ಹೋದಳು. ಭಾವ ನನ್ನ ಭುಜ ತಟ್ಟಿ, ಕೂತ್ಕೋ ಎಂದರು. ಕೂರಲಾಗಲಿಲ್ಲ.

ನಾನು ಬರೆದ ಪತ್ರವನ್ನು ಸಾಹೇಬರು ಕಡತಕ್ಕೆ ಸೇರಿಸಿಕೊಂಡರು. ಆದರೆ ನಿಯಮದ ಪ್ರಕಾರ ಹೊಣೆ ವಿಭಾಗದವರದೇ. ಅಕ್ಕನ ಸರ್ವಿಸ್ ರಿಜಿಸ್ಟರಿನಲ್ಲಿ ಒಂದು ಕೆಂಪು ಸಾಲು ಬಿತ್ತು, ಅವಳನ್ನು ಟಪಾಲು ವಿಭಾಗಕ್ಕೆ ವರ್ಗ ಮಾಡಿದರು. ಉಳಿದ ವಿಭಾಗಗಳಿಗೆ ಅದೇ ಕಂಪನಿಯ ಹೊಸ ಪ್ರೋಗ್ರಾಮು ಬಂತು. ಜನನ ಮರಣ ವಿಭಾಗದಲ್ಲಿ ಮಾತ್ರ ನಮ್ಮದೇ ಉಳಿಯಿತು. ನಮ್ಮ ಮೇಲಿನ ಪ್ರೀತಿಯಿಂದ ಅಲ್ಲ. ಇಡೀ ಕಚೇರಿಯಲ್ಲಿ ಕಾಗದದ ಜೊತೆ ಸಾಲು ಸಾಲಾಗಿ ತಾಳೆ ನೋಡಿದ ದಾಖಲೆಗಳು ಅವಷ್ಟೇ ಆಗಿದ್ದವು. ಅವನ್ನು ಇನ್ನೊಮ್ಮೆ ಎಲ್ಲಿಗಾದರೂ ದಾಟಿಸುವ ಧೈರ್ಯ ಸಾಹೇಬರಿಗೆ ಇರಲಿಲ್ಲ.

ಮುಂದಿನ ವರ್ಷ ದರ್ಜಿಯವರ ಮಗಳಿಗೆ ಸೀಟು ಸಿಕ್ಕಿತು. ತಾಯಿ ಬಂದು ಅದನ್ನು ಅಕ್ಕನಿಗೆ ಹೇಳಿಹೋದರಂತೆ. ನನಗೆ ಗೊತ್ತಾಗಿದ್ದು ಭಾವನಿಂದ.

ಅದೇ ಸುಮಾರಿಗೆ ಇನ್ನೊಂದು ಊರಿನ ಗುಂಪಿನವರು ಮೇಡಂಗೆ ಕಾಗದ ಬರೆದಿದ್ದರು. ನಾವು ಬಾಗಿಲಿಗೆ ಅಂಟಿಸಿದ್ದ ಹಾಳೆಯ ಪ್ರತಿ ಹೇಗೋ ಅವರ ಕೈ ಸೇರಿತ್ತು. ಅವರ ಊರಿನ ಕಚೇರಿಯೊಂದು ಒಪ್ಪುವ ಹಾಗಿದೆ, ನಿಮ್ಮನ್ನು ಕಂಡು ಮಾತಾಡಬೇಕು ಎಂದಿದ್ದರು. ಅವರು ಬರುವ ಭಾನುವಾರಕ್ಕೆ ಮೇಡಂ ಅಕ್ಕನನ್ನು ಕರೆದರು. ಬರಲಾರಳು ಎಂದುಕೊಂಡಿದ್ದೆ. ಬಂದಳು. ಗ್ರಂಥಾಲಯದ ಮಹಡಿ ಹತ್ತಿದ್ದು ಅವಳು ಅದೇ ಮೊದಲು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು.

ಬಂದ ಮೂವರೂ ಎಳೆಯರು, ಮಾತಿನಲ್ಲಿ ಬಿಸಿ ಇತ್ತು. ಅಧಿಕಾರಿಗಳನ್ನು ಹೇಗೆ ಒಪ್ಪಿಸಿದಿರಿ, ಏನೇನು ತೋರಿಸಿದಿರಿ ಎಂದೆಲ್ಲ ಕೇಳಿದರು. ಮೇಡಂ ಹೇಳಿದರು. ನಾನು ನನ್ನ ಪಾಲಿನದನ್ನು ಮುಚ್ಚದೆ ಹೇಳಿದೆ. ಕೊನೆಗೆ ಅವರು ಅಕ್ಕನ ಕಡೆ ತಿರುಗಿದರು.

“ಇವರದು ಒಳ್ಳೆ ಕೆಲಸ. ನನ್ನ ಕಿಟಕಿ ಮುಂದೆ ಸಾಲು ಕರಗಿದ್ದನ್ನ ನಾನೇ ನೋಡಿದ್ದೀನಿ,” ಎಂದಳು ಅಕ್ಕ. “ಆದ್ರೆ ನೀವು ಸಂಜೆ ಮನೆಗೆ ಹೋಗ್ತೀರ. ಕಿಟಕಿ ಹಿಂದೆ ಕೂತಿರೋರು ಹೋಗಲ್ಲ. ಅಲ್ಲಿ ಯಾರು ಕೂತಿದ್ದಾರೆ ಅಂತ ಮೊದಲು ತಿಳ್ಕೊಳ್ಳಿ. ಏನಾದ್ರೂ ತಪ್ಪಿದೆ ಅಂತ ಗೊತ್ತಾದ್ರೆ, ನಿಮ್ಮ ಗುಂಪಿಗೂ ಮುಂಚೆ ಅವರಿಗೆ ಹೇಳಿ.”

ಅವರು ಬರೆದುಕೊಂಡರು. ಅವರನ್ನು ಬಸ್ಸಿಗೆ ಕಳಿಸಿ ಬಂದ ಗಡಿಯಾರದಣ್ಣ, ಟಪಾಲು ವಿಭಾಗದ ಕಂಪ್ಯೂಟರು ಹೇಗಿದೆಯಮ್ಮ, ಅಲ್ಲಿಗೂ ನಮ್ಮದೇ ಹಾಕಿಬಿಡೋಣವೇ ಎಂದು ನಗುತ್ತಾ ಕೇಳಿದರು. ಅಕ್ಕ ನಗಲಿಲ್ಲ. ನಿಮ್ಮದರಲ್ಲಿ ಏನೇನು ತೊಂದರೆ ಇದೆ ಅಂತ ನಿಮಗೆ ಗೊತ್ತಿರುವುದನ್ನೆಲ್ಲ ಮೊದಲು ಬರೆದುಕೊಡಿ, ಆಮೇಲೆ ನೋಡೋಣ ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಮುಂದಿನ ಭಾನುವಾರ ನಾನೂ ಮೇಡಮ್ಮೂ ಬರೆಯಲು ಕೂತೆವು. ಒಂದು ಪುಟ ಆದೀತು ಎಂದುಕೊಂಡಿದ್ದೆ, ಆರು ಪುಟ ಆಯಿತು. ಸೋಮವಾರ ಊಟದ ಬಿಡುವಿನಲ್ಲಿ ಹೋಗಿ ಅವಳ ಮೇಜಿನ ಮೇಲೆ ಇಟ್ಟುಬಂದೆ. ಲಕೋಟೆಗಳ ರಾಶಿಯ ಮಧ್ಯೆ ಕೂತಿದ್ದವಳು ಮೊದಲ ಪುಟ ಎತ್ತಿಕೊಂಡು ಓದತೊಡಗಿದಳು. ಇವತ್ತಿಗೆ ಒಂಬತ್ತು ದಿನ. ಇನ್ನೂ ಏನೂ ಹೇಳಿಲ್ಲ.